ಗಾಜಿನ ಆ ತುದಿ

ಇಲ್ಲ ಮೇಡಮ್, ಸಾಕು ಅನ್ನಬೇಡಿ. ಈ ಕುರ್ಚಿಯಿಂದ ಇನ್ನೂ ನಾಲ್ಕು ಸಲ ಏಳ್ತೀನಿ. ಕೈ ಎದೆ ಮೇಲೆ, ಕುರ್ಚಿ ಹಿಡಿಯೋ ಹಾಗಿಲ್ಲ... ಗೊತ್ತು, ಗೊತ್ತು. ಹನ್ನೊಂದು... ಉಸಿರು ಕಟ್ಟಿಲ್ಲ, ನೋಡಿ, ಬಿಡ್ತಾ ಇದೀನಿ... ಹನ್ನೆರಡು. ಯಾಕೆ ನಗ್ತೀರಿ? ಮುಖ ಕೆಂಪಗಾಗಿದೆಯಾ? ಆಗಲಿ ಬಿಡಿ. ಅದು ಸುಸ್ತಲ್ಲ, ಸಿಟ್ಟು. ಡಾಕ್ಟರು ಚೀಟೀಲಿ ಬರೆಯೋದು ಮರೆತ ಔಷಧಿ ಅದೊಂದೇ.

ಹದಿಮೂರು... ಅಯ್ಯೋ ಮಂಡಿಯೇ! ಹದಿನಾಲ್ಕು. ಆಯ್ತು. ಈಗ ಕೂತೆ. ಎರಡೇ ಎರಡು ನಿಮಿಷ.

ನಿಮ್ಮ ಹತ್ರ ವ್ಯಾಯಾಮಕ್ಕೆ ಬಂದ ಮೊದಲನೇ ದಿನ ನೀವು ಕೇಳಿದ್ರಿ ನೆನಪಿದೆಯಾ, ಮೈಯಲ್ಲಿ ಶಕ್ತಿ ಬಂದ್ಮೇಲೆ ಏನು ಮಾಡಬೇಕು ಅಂತಿದೆ ನಿಮಗೆ ಅಂತ? ಮೊಮ್ಮಗಳನ್ನ ಎತ್ಕೋಬೇಕು ಅಂದೆ. ನಿಮ್ಮ ಮುಖ ಎಷ್ಟು ಅರಳಿತು! ಗುಂಡಗೆ ಬರ್ಕೊಂಡ್ರಿ. ಸುಳ್ಳು ಮೇಡಮ್. ಮೊಮ್ಮಗಳು ಹನ್ನೊಂದು ಕೆಜಿ, ಅವಳನ್ನ ಆಗಲೇ ಎತ್ಕೊಂಡು ಓಡಾಡ್ತೀನಿ. ನಾನು ಎತ್ತಬೇಕಾಗಿರೋದು ಗಾಜು. ಎಂಟಡಿ ಉದ್ದ, ಐದಡಿ ಅಗಲ, ಅಂಗಡಿ ಮುಂಭಾಗಕ್ಕೆ ಹಾಕ್ತಾರಲ್ಲ, ದಪ್ಪನೆಯದು. ತೊಂಬತ್ತು ಕೆಜಿ ಹತ್ತಿರ ಬರತ್ತೆ. ಒಂದು ತುದೀಲಿ ನಾನು. ಇನ್ನೊಂದು ತುದೀಲಿ ಅವನು.

ಅವನು ಅಂದ್ರೆ ಸಣಕಲ. ಹೆಸರು ಯಾರಿಗೆ ಬೇಕು, ಗಾಜಿನಂಗಡೀಲಿ ಎಲ್ಲರೂ ಹಾಗೇ ಕರೀತಾರೆ. ನನ್ನನ್ನ ಪೈಲ್ವಾನ್ ಅಂತಿದ್ರು. ನಗಬೇಡಿ! ಈ ತೋಳು ನೋಡಿ ನಗು ಬರತ್ತೆ, ನನಗೂ ಬರತ್ತೆ. ಇಪ್ಪತ್ತೆರಡು ವರ್ಷ ನಾವಿಬ್ಬರೂ ಒಂದೇ ಗಾಜಿನ ಎರಡು ತುದಿ. ಎತ್ತಿನ ಜೋಡಿ ಅಂತಿದ್ರು ಯಜಮಾನರು. ಮಹಡಿ ಮೆಟ್ಟಿಲು, ಸಂದಿಗೊಂದಿ, ಗಾಳಿ ಬೀಸೋ ಬೀದಿ... ಒಂದು ಚೂರು ಮುಕ್ಕಾಗದ ಹಾಗೆ ಹೊತ್ತಿದೀವಿ. ಮೆಟ್ಟಿಲು ಹತ್ತುವಾಗ ತೂಕವೆಲ್ಲ ಕೆಳಗಿದ್ದೋನ ಮೇಲೆ ಬರತ್ತೆ. ಕೆಳಗೆ ಯಾವಾಗಲೂ ನಾನೇ. ಯಾವಾಗಲೂ!

ಆಮೇಲೆ ಇದು ಬಂತು. ಪ್ರಾಸ್ಟೇಟ್ ಕ್ಯಾನ್ಸರು. ಆ ಪದ ಹೇಳೋಕೆ ನನಗೆ ಆರು ತಿಂಗಳು ಬೇಕಾಯ್ತು ಮೇಡಮ್, ನಾಲಿಗೆ ಹೊರಳ್ತಾನೇ ಇರಲಿಲ್ಲ. ಒಂದಿಷ್ಟು ದಿನ ಕರೆಂಟು ಕೊಟ್ರು, ಅದೇ ರೇಡಿಯೇಶನ್, ಆಮೇಲೆ ಮೂರು ತಿಂಗಳಿಗೊಂದು ಇಂಜೆಕ್ಷನ್, ಎರಡು ವರ್ಷ. ಗಂಡಸಿನ ಮೈಯಲ್ಲಿರೋ ಹಾರ್ಮೋನನ್ನ ನಿಲ್ಲಿಸಿಬಿಟ್ರೆ ಗಡ್ಡೆಗೆ ಊಟ ಸಿಗಲ್ಲ ಅಂದ್ರು ಡಾಕ್ಟರು. ಸರಿ, ಗಡ್ಡೆ ಉಪವಾಸ ಬಿತ್ತು. ಅದರ ಜೊತೆ ನಾನೂ ಬಿದ್ದೆ.

ಸುಸ್ತು ಅಂತೀರಲ್ಲ, ಅದಕ್ಕೆ ಬೇರೆ ಹೆಸರು ಇಡಬೇಕಿತ್ತು. ಕೆಲಸ ಮಾಡಿ ಸುಸ್ತಾದ್ರೆ ಒಂದು ರಾತ್ರಿ ನಿದ್ದೆ ಮಾಡಿ ಎದ್ದರೆ ಹೋಗತ್ತೆ. ಇದು ನಿದ್ದೆ ಮಾಡಿ ಎದ್ದರೆ ಇನ್ನೂ ಮೇಲೆ ಕೂತಿರತ್ತೆ! ಒಂದು ಅಂಗಿ ಹಾಕ್ಕೊಂಡು, ಇನ್ನು ಚಪ್ಪಲಿ ಹಾಕ್ಕೋಬೇಕಲ್ಲಪ್ಪಾ ಅಂತ ಮಂಚದ ಮೇಲೆ ಅರ್ಧ ಗಂಟೆ ಕೂತಿದೀನಿ. ಸೊಂಟ ಊದಿತು, ತೋಳು ಕರಗಿತು, ಎದೆ... ಬೇಡ ಬಿಡಿ. ಬಚ್ಚಲುಮನೆ ಚಿಲಕ ಹಾಕ್ಕೊಂಡು ಸ್ನಾನ ಮಾಡೋಕೆ ಶುರು ಮಾಡಿದೆ, ಮೂವತ್ತೈದು ವರ್ಷ ಸಂಸಾರ ಮಾಡಿದ ಮನೇಲಿ! ಒಂದು ದಿನ ಡಬ್ಬಿ ಮುಚ್ಚಳ ತಿರುಗಿಸ್ತಾ ಇದ್ದೆ, ಬರಲಿಲ್ಲ. ನಮ್ಮವಳು ಕೈಯಿಂದ ತಗೊಂಡ್ಲು, ಟಕ್ ಅಂತ ತೆಗೆದ್ಲು, ವಾಪಸ್ ಕೊಟ್ಲು. ಆ ಟಕ್ ಇನ್ನೂ ಕಿವೀಲಿದೆ.

ಹೌದು, ಕುಡೀತೀನಿ ನೀರು. ಕೊಡಿ.

ಸಣಕಲ ಏನು ಮಾಡ್ದ ಅಂತ ತಾನೇ? ಅವಮಾನ ಮಾಡ್ದ ಮೇಡಮ್. ಆ ಇಂಜೆಕ್ಷನ್ ದೆಸೆಯಿಂದ ನಡುಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬೆಂಕಿ ಹತ್ತಿಕೊಂಡು ಬೆವರು ಧಾರಾಕಾರ ಇಳೀತಿತ್ತು. ಹುಡುಗರ ಮುಂದೆ ಹೇಳ್ದ, ಏನಣ್ಣಾ, ನಮ್ಮ ಅತ್ತಿಗೆಗೆ ಮುಟ್ಟು ನಿಂತಾಗ ಬರ್ತಿದ್ದ ಬೆವರು ಈಗ ನಿನಗೆ ಶುರುವಾಯ್ತಾ ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ... ನಗದೆ ಇನ್ನೇನು ಮಾಡ್ಲಿ?

ಅದನ್ನ ಬೇಕಾದ್ರೆ ಮರೀತೀನಿ. ಆಮೇಲೆ ಮಾಡಿದ್ದನ್ನ ಮರೆಯಲ್ಲ. ಗಾಜು ಹೊರುವಾಗ ತೂಕ ತನ್ನ ಕಡೆ ಎಳ್ಕೊಳ್ಳೋಕೆ ಶುರು ಮಾಡ್ದ. ಗೊತ್ತಾಗದ ಹಾಗೆ, ಕಳ್ಳನ ಹಾಗೆ! ಹಿಡಿತ ಒಂದು ಗೇಣು ಒಳಗೆ ತಗೊಳ್ಳೋದು, ತುದಿ ಒಂಚೂರು ತಗ್ಗಿಸೋದು. ಮೆಟ್ಟಿಲು ಬಂದ್ರೆ, ಅಣ್ಣಾ ನೀನು ಮೇಲೆ ಹೋಗು, ದಾರಿ ನೋಡ್ಕೋ, ಅನ್ನೋದು. ದಾರಿ ನೋಡ್ಕೋ! ಇಪ್ಪತ್ತೆರಡು ವರ್ಷ ಕೆಳಗಿದ್ದೋನಿಗೆ! ನನ್ನ ತೋಳಿಗೆ ಗೊತ್ತಾಗಲ್ವಾ ಮೇಡಮ್? ಹಗುರ ಆದಷ್ಟೂ ನನಗೆ ಉರೀತಿತ್ತು.

ಏನಂದ್ರಿ? ಸಹಾಯ? ಇರಬಹುದು. ಕೇಳದೆ ಮಾಡೋ ಸಹಾಯ ಕಪಾಳಕ್ಕೆ ಹೊಡೆದ ಹಾಗಿರತ್ತೆ. ನಿಮಗಿನ್ನೂ ಚಿಕ್ಕ ವಯಸ್ಸು, ಮುಂದೆ ಗೊತ್ತಾಗತ್ತೆ.

ಕೊನೆಗೊಂದು ಬೆಳಗ್ಗೆ ಯಜಮಾನರ ಹತ್ರ ಹೋಗಿ ಹೇಳಿದಾನೆ, ಅಣ್ಣನಿಗೆ ಹೊರೋ ಕೆಲಸ ಬೇಡ, ಕತ್ತರಿಸೋ ಮೇಜಿಗೆ ಹಾಕಿ, ಕೂತು ಮಾಡ್ಲಿ ಅಂತ. ಬಾಗಿಲಾಚೆ ನಿಂತಿದ್ದೆ, ಎರಡು ಕಿವೀಲೂ ಕೇಳಿಸ್ಕೊಂಡೆ. ಅರಸನ ಕುದುರೆ ಲಾಯದಲ್ಲೇ ಮುಪ್ಪಾಯ್ತು ಅಂತಾರಲ್ಲ, ನನ್ನನ್ನ ಲಾಯಕ್ಕೆ ಕಟ್ಟಿಸೋಕೆ ಹೊರಟೋನು ಅವನು.

ಅದಕ್ಕೇ ಈ ಬೆವರು. ಇಂಜೆಕ್ಷನ್ ನಿಲ್ಲಿಸಿ ಎಂಟು ತಿಂಗಳಾಯ್ತು. ಸುಸ್ತಾಗಿದೆ ಅಂತ ಮಲಗಿದ್ರೆ ಸುಸ್ತು ಹೆಚ್ಚಾಗತ್ತೆ, ದಿನಾ ಸ್ವಲ್ಪ ನಡೀರಿ, ಸ್ವಲ್ಪ ಎತ್ತಿ, ಆಮೇಲೆ ಸ್ವಲ್ಪ ಸುಧಾರಿಸ್ಕೊಳ್ಳಿ ಅಂತ ನೀವು ಹೇಳಿದಾಗ ಒಳಗೊಳಗೇ ಬೈದುಕೊಂಡಿದ್ದೆ. ಕಾಲೆಳೆಯೋಕಾಗದೋನಿಗೆ ನಡಿ ಅಂತಾಳಲ್ಲ ಇವಳು ಅಂತ. ಆದರೆ ಮಾಡ್ದೆ. ಮೊದಲ ವಾರ ಬೀದಿ ಕೊನೆ ತನಕ, ಆಮೇಲೆ ಬಸ್ ನಿಲ್ದಾಣದ ತನಕ. ಮೆಟ್ಟಿಲು ಕಂಡರೆ ಅವನ ಮುಖ ನೆನೆಸ್ಕೊಂಡು ಹತ್ತಿದೀನಿ. ನಿಮ್ಮ ರಬ್ಬರ್ ಪಟ್ಟಿ ಇದೆಯಲ್ಲ, ಕಂಬಕ್ಕೆ ಕಟ್ಟಿ ಎಳೆಯೋದು, ಎಳೆದಾಗೆಲ್ಲ ಅವನ ಕಾಲರ್ ಹಿಡಿದು ಎಳೆದ ಹಾಗೆ! ಡಂಬಲ್ಲು ಹೋದ ತಿಂಗಳು ಎಂಟು ಕೆಜಿ, ಈಗ ಹನ್ನೆರಡು. ಹಾಂ, ನಿಮಗೂ ಖುಷಿ ತಾನೇ?

ಇನ್ನೊಂದು ಆರು ತಿಂಗಳು. ಒಂದು ದಿನ ಅಂಗಡಿಗೆ ಹೋಗ್ತೀನಿ. ಯಜಮಾನರು ಇರಬೇಕು, ನಕ್ಕ ಹುಡುಗರೆಲ್ಲ ಇರಬೇಕು. ಗೋಡೆಗೆ ಒರಗಿಸಿರೋದ್ರಲ್ಲಿ ಎಲ್ಲಕ್ಕಿಂತ ದೊಡ್ಡ ಗಾಜಿನ ಹತ್ರ ನಿಂತು, ಒಂದು ತುದಿ ಹಿಡಿದು ಕೂಗ್ತೀನಿ, ಬಾರೋ ಸಣಕಲ, ಹಿಡಿಯೋ ಆ ತುದಿ! ಎಲ್ಲರೂ ನೋಡ್ಲಿ. ನಾನು ಎತ್ತುತ್ತೀನಿ. ಅವನ ಕೈಲಿ ಆಗಲ್ಲ. ಬರ್ತಾನೆ, ತಲೆ ತಗ್ಗಿಸಿ ನಿಲ್ತಾನೆ, ಆಗಲ್ಲ ಅಣ್ಣಾ ಅಂತಾನೆ. ಬಾಯಿಬಿಟ್ಟು ಅನ್ನಬೇಕು ಅವನು!

...ಏನು? ಯಾಕಾಗಲ್ಲ ಅಂದ್ರೆ? ಆಗಲ್ಲ ಅಷ್ಟೇ. ಸಣಕಲ ಅಲ್ವಾ, ಹೆಸರಲ್ಲೇ ಇದೆ.

ಹೌದು, ಇಪ್ಪತ್ತೆರಡು ವರ್ಷ ಎತ್ತಿದಾನೆ. ನಾನೇ ಹೇಳಿದ್ದು. ಈಗ ಆಗಲ್ಲ. ಕೈಗೆ ಒಂದು ಚೂರು ಏಟು ಬಿದ್ದಿದೆ... ಮುಂಗೈ. ಗಾಜಿನ ಕೆಲಸದಲ್ಲಿ ಇದೆಲ್ಲ ಇದ್ದದ್ದೇ ಮೇಡಮ್. ನನ್ನ ಕೈಲೂ ಹತ್ತು ಗೀರು ಇವೆ, ನೋಡಿ.

ಗಾಜು ಬಿತ್ತು. ಯಜಮಾನರ ಹತ್ರ ಅವನು ಹೋಗಿದ್ದನಲ್ಲ, ಆ ಬೆಳಗ್ಗೆಯೇ. ಬಟ್ಟೆ ಅಂಗಡಿಗೆ ಹಾಕೋ ಗಾಜು, ಗಾಡಿಯಿಂದ ಇಳಿಸ್ತಾ ಇದ್ವಿ. ನನಗೆ ಸುಸ್ತು ಅಲ್ವಾ... ಕೈ ಸೋತು ಹೋಯ್ತು. ಜಾರ್ತು. ಡಾಕ್ಟರೂ ಹೇಳಿದ್ರಲ್ಲ, ಇಂಥ ಇಂಜೆಕ್ಷನ್ ತಗೊಂಡೋರಿಗೆ ಹಿಡಿತ ಹೋಗತ್ತೆ ಅಂತ. ಕಾಗದಾನೂ ಬರೆದುಕೊಟ್ರು. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಆವತ್ತೇ ಕೆಲಸ ಬಿಟ್ಟೆ. ಅಷ್ಟೇ ವಿಷಯ. ಕೊಡಿ, ಆ ಡಂಬಲ್ ಕೊಡಿ ಇತ್ತ.

ಯಾಕೆ ಕೊಡ್ತಾ ಇಲ್ಲ?

ಮೇಡಮ್? ಆಗಿಂದ ಆ ಮೇಜಿನ ಕಡೆಗೇ ನೋಡ್ತಾ ಇದೀರಿ. ಏನಿದೆ ಅಲ್ಲಿ? ಹಿಟ್ಟಿನ ಹಾಗೆ ಮೆತ್ತಗಿರೋ ಉಂಡೆ, ಬಟ್ಟೆ ಒಣಗಿಸೋ ಕ್ಲಿಪ್ಪು, ಗುಂಡಿ ಹಾಕಿ ತೆಗೆಯೋ ಪಟ್ಟಿ... ಅದು ಕೈ ಬೆರಳಿಗೆ ಅಲ್ವಾ? ಬೆರಳು ಮಡಚೋಕೆ ಬಾರದೋರಿಗೆ...

ಅವನು ಇಲ್ಲಿಗೆ ಬರ್ತಾನಾ?

ಹೇಳೋ ಹಾಗಿಲ್ಲ, ಒಪ್ಪಿದೆ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಬಾರದು. ನೀವು ಹೇಳಬೇಡಿ. ನಿಮ್ಮ ಮುಖ ಹೇಳ್ತಾ ಇದೆ. ನಿಮ್ಮ ದಿನ ಬಿಟ್ಟು ಬುಧವಾರ ಬರಬೇಡಿ ಅಂತ ಒಂದ್ಸಲ ಬಿಡಿಸಿ ಬಿಡಿಸಿ ಹೇಳಿದ್ರಿ... ಅದಕ್ಕೇನಾ?

ಅವನೇನು ಹೇಳಿದಾನೆ ನಿಮಗೆ? ಗಾಜು ತನ್ನ ಕೈಯಿಂದಲೇ ಜಾರಿತು ಅಂತ ತಾನೇ? ಯಜಮಾನರಿಗೂ ಹಾಗೇ ಹೇಳ್ದ. ರಕ್ತ ಸುರೀತಾ ಇತ್ತು, ನಾನು ನಿಂತಲ್ಲೇ ನಿಂತಿದ್ದೆ, ಅವನು ಎಲ್ಲರಿಗೂ ಕೇಳೋ ಹಾಗೆ ಕೂಗಿ ಹೇಳ್ದ, ನನ್ನದೇ ತಪ್ಪು, ಅಣ್ಣ ಗಟ್ಟಿಯಾಗೇ ಹಿಡಿದಿದ್ದ ಅಂತ. ಗಟ್ಟಿಯಾಗಿ ಹಿಡಿದಿದ್ದ! ಕೇಳಿದ್ರಾ? ಯಾರು ಕೇಳಿದ್ರು ಇವನ ದಾನ? ಆವತ್ತಿಂದ ಅವನ ಮುಖ ನೋಡಿಲ್ಲ ನಾನು. ಮನೆಗೆ ಎರಡು ಸಲ ಬಂದಿದ್ದ, ಕೈಗೆ ಪಟ್ಟಿ ಕಟ್ಟಿಕೊಂಡು. ಮಲಗಿದಾರೆ ಅಂತ ಹೇಳಿಸಿದೆ. ಗೋಡೆ ಕಡೆ ಮುಖ ಮಾಡಿ ಮಲಗೇ ಇದ್ದೆ, ಹೊರಗೆ ಅವನು ನಮ್ಮವಳ ಹತ್ರ ನನ್ನ ಊಟ ನಿದ್ದೆ ವಿಚಾರಿಸ್ತಾ ಇದ್ದ.

ತಾಯಿ, ಬೈಯಿರಿ. ಹೀಗೆ ನೋಡಬೇಡಿ. ಅವನೂ ಹೀಗೇ ನೋಡ್ದ.

ಗಾಜಿನ ಆ ತುದೀಲಿ ನಿಂತೋನಿಗೆ ಎಲ್ಲಾ ಗೊತ್ತಾಗತ್ತೆ. ಕೆಮ್ಮಿದ್ರೆ ಗೊತ್ತಾಗತ್ತೆ, ಕಾಲು ಬದಲಾಯಿಸಿದ್ರೆ ಗೊತ್ತಾಗತ್ತೆ. ಕೈ ಸೋತರೆ ಗಾಜು ಒಂದೇ ಸಲ ಬೀಳಲ್ಲ, ಮೊದಲು ನಡುಗತ್ತೆ, ಚೂರು ಚೂರೇ ಇಳಿಯತ್ತೆ. ಆಗ ಬಾಯಲ್ಲಿ ಕೂಗಿ ಹೇಳ್ತೀವಿ, ಆ ಕಡೆಯೋನು ಸರ್ಕೋತಾನೆ. ಆವತ್ತು ನಡುಗಲಿಲ್ಲ. ನಾನು ಕೂಗಲಿಲ್ಲ. ಗಾಡಿಯಿಂದ ಇಳಿಸೋವಾಗ ಅವನು ಮತ್ತೆ ಆ ಒಂದು ಗೇಣು ಒಳಗೆ ಕೈ ಹಾಕ್ದ, ತೂಕ ಎಳ್ಕೊಂಡ. ಬೆಳಗ್ಗೆ ಬಾಗಿಲಾಚೆ ಕೇಳಿದ್ದು ಕಿವೀಲಿ ಕುದೀತಾ ಇತ್ತು. ಅಷ್ಟು ಆಸೆ ಇದ್ರೆ ಪೂರ್ತಿ ನೀನೇ ಹೊರೋ ಅಂದ್ಕೊಂಡೆ... ಮನಸ್ಸಲ್ಲಿ. ಬಾಯಲ್ಲಲ್ಲ.

ಎಲ್ಲರಿಗೂ ಕಾಯಿಲೆ ಅಂದೆ. ನಮ್ಮವಳಿಗೂ ಅದೇ ಅಂದೆ. ಎರಡು ವರ್ಷದಲ್ಲಿ ಬೆಳಗ್ಗೆ ಎದ್ದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಟದ್ದು ಅದೊಂದೇ ದಿನ, ತಾಯಿ. ಆ ದಿನ ನನಗೆ ಸುಸ್ತು ಇರಲಿಲ್ಲ.