ನನ್ನ ಸೊಸೆಗೆ ಎರಡು ಗಂಟೆ ನಿದ್ದೆ

ಅಧ್ಯಕ್ಷರ ಪೀಠದಲ್ಲಿರುವ ಬದರೀನಾರಾಯಣ ಮೇಷ್ಟ್ರೇ, ವೇದಿಕೆ ಮೇಲಿನ ಡಾಕ್ಟರಮ್ಮನವರೇ, ನಮ್ಮ ಚಾಮರಾಜಪೇಟೆ ಬೀದಿಯ ಮಹಿಳಾ ಸಂಘದ ಅಕ್ಕತಂಗಿಯರೇ, ಹಿಂದಿನ ಸಾಲಿನಲ್ಲಿ ಊಟದ ಬಾಗಿಲನ್ನೇ ನೋಡುತ್ತಾ ಕೂತಿರುವ ಸಭಿಕರೇ, ಎಲ್ಲರಿಗೂ ಈ ಲಕ್ಕಮ್ಮನ ವಂದನೆಗಳು.

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ತ್ಯಾಗಮಯಿ ಅಂತ ಕರೆದಿರಿ. ಯಾರ ತ್ಯಾಗ? ಏನು ತ್ಯಾಗ? ಬೈಪೋಲಾರ್ ಕಾಯಿಲೆ ಇರುವ ನನ್ನ ಮೊಮ್ಮಗಳು ಯಶಶ್ರೀಯನ್ನು ನೋಡಿಕೊಳ್ಳುತ್ತಿರುವವಳು ನಾನಲ್ಲ, ನನ್ನ ಸೊಸೆ ಹೇಮಾವತಿ. ಈ ಶಾಲು ಅವಳಿಗೆ ಸೇರಬೇಕು. ಆದರೆ ಅವಳು ಇಲ್ಲಿಗೆ ಬಂದರೆ ಮನೆಯಲ್ಲಿ ಹುಡುಗಿಯ ಜೊತೆ ಯಾರಿರಬೇಕು? ಹೋದ ಆಷಾಢದಲ್ಲಿ ಯಶು ಬರಿಗಾಲಲ್ಲಿ ಹೊರಟುಬಿಟ್ಟಳು. ನಾನು ಮಂಡಿ ಹಿಡಿದುಕೊಂಡು ಗೇಟು ತಲುಪುವಷ್ಟರಲ್ಲಿ ಅವಳು ಅವೆನ್ಯೂ ರಸ್ತೆಯಲ್ಲಿದ್ದಳು. ಹಾಗಾಗಿ ಕೆಲಸಕ್ಕೆ ಬಾರದವಳನ್ನು ಸನ್ಮಾನಕ್ಕೆ ಕಳಿಸಿದ್ದಾರೆ. ಸನ್ಮಾನ ಅಂದರೆ ಸಾಮಾನ್ಯವಾಗಿ ಹಾಗೇ ಅಲ್ಲವೇ, ಮೇಷ್ಟ್ರೇ?

ಡಾಕ್ಟರಮ್ಮ ಈಗ ತಾನೇ ಈ ಕಾಯಿಲೆ ಬಗ್ಗೆ ಚೆನ್ನಾಗಿ ಹೇಳಿದರು. ನಮಗೆ ಆಗ ಯಾರು ಹೇಳಿದ್ದರು? ಹತ್ತನೇ ಕ್ಲಾಸಿನಲ್ಲಿ ಯಶು ನಿದ್ದೆ ಬಿಟ್ಟಳು. ಗೋಡೆ ತುಂಬಾ ಚಿತ್ರ ಬರೆದಳು. ಬಂದವರ ಜೊತೆಯೆಲ್ಲ ಪಟಪಟ ಮಾತು. ನೆಂಟರು, "ಎಷ್ಟು ಹುಷಾರು ನಿಮ್ಮ ಹುಡುಗಿ!" ಅಂದರು. ನಾವೂ ಹಿಗ್ಗಿದೆವು. ಒಂದು ದಿನ ಹೊಸ ಮಿಕ್ಸಿಯನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಗೆ ದಾನ ಕೊಟ್ಟು ಬಂದಳು. ಅದು ಇನ್ನೂ ವಾಪಸ್ ಬಂದಿಲ್ಲ. ಪಡೆದವರು ಈ ಸಭೆಯಲ್ಲೇ ಇದ್ದರೆ ಚಟ್ನಿ ಚೆನ್ನಾಗಿ ಆಗ್ತಿದೆ ಅಂದುಕೊಳ್ಳುತ್ತೇನೆ.

ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳು ವಾರಗಟ್ಟಲೆ ಏಳಲಿಲ್ಲ. ಸ್ನಾನವಿಲ್ಲ, ತಲೆ ಬಾಚಲು ಬಿಡುವುದಿಲ್ಲ. ಅದೇ ನೆಂಟರು, "ಹುಷಾರಿಲ್ವಾ?" ಅಂದರು. ಆಸ್ಪತ್ರೆ ವಿಷಯ ಗೊತ್ತಾದ ಮೇಲೆ ತಮ್ಮ ಮಕ್ಕಳ ಕಿವಿಯಲ್ಲಿ, "ಅವಳ ಹತ್ರ ಹುಷಾರು" ಅಂದರು. ಒಂದೇ ಮಾತನ್ನು ಎಷ್ಟು ಥರ ಹೇಳಬಹುದು ನೋಡಿ! ಹೇಳಿದರು, ಹೋದರು. ಕೂತವರು ಯಾರೂ ಇಲ್ಲ. ಒಬ್ಬರು ಮಾತ್ರ ನಿಂತುಕೊಂಡೇ, "ಮದುವೆ ಮಾಡಿಬಿಡಿ, ತಲೆ ಸರಿಹೋಗತ್ತೆ" ಅಂದರು. ಮದುವೆಯಿಂದ ತಲೆ ಸರಿಹೋಗುವ ಹಾಗಿದ್ದರೆ ಈ ಸಭೆಯಲ್ಲಿ ಯಾರಿಗೂ ತಲೆನೋವೇ ಇರಬಾರದಿತ್ತು.

ಮಾತ್ರೆಯಿಂದ ಯಶು ಎಷ್ಟೋ ಸುಧಾರಿಸಿದಳು, ಕಾಲೇಜಿಗೂ ಹೋದಳು. ಈಗ ಮತ್ತೆ ಮಂಕು ಕವಿದಿದೆ. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ, ಒಬ್ಬಳನ್ನೇ ಬಿಡಬೇಡಿ ಅಂದಿದ್ದಾರೆ. ಹೇಮಾ ಮಲಗುವುದೇ ಇಲ್ಲ. ಬಾತ್‌ರೂಮಿನ ಚಿಲಕದ ಸದ್ದಾದರೆ ಎದ್ದು ಓಡುತ್ತಾಳೆ. ನನ್ನ ಮಗನಿಗೆ ಕಾಟನ್‌ಪೇಟೆಯಲ್ಲಿ ಅಂಗಡಿ ಇದೆ. ಬೇರೆಯವರು ವ್ಯಾಪಾರಕ್ಕೆ ಅಂಗಡಿ ಇಡುತ್ತಾರೆ, ಅವನು ಮನೆಗೆ ಬಾರದಿರುವುದಕ್ಕೆ ಇಟ್ಟಿದ್ದಾನೆ. ಇದನ್ನು ಹೇಳಬಾರದಿತ್ತು. ಹೇಳಿಯಾಯಿತು.

ಮೊನ್ನೆ ಸೊಪ್ಪು ಬಿಡಿಸುತ್ತಾ ಹೇಮಾ, "ಅತ್ತೆ, ಯಾವ್ದಾದ್ರೂ ಬಸ್ ಹತ್ತಿ ಹೋಗ್ಬಿಡ್ಲಾ?" ಅಂದಳು.

"ಎಲ್ಲಿಗೇ?"

"ಎಲ್ಲಿಗಾದ್ರೂ. ಬಸ್ಸಲ್ಲಿ ಕೂತು ನಿದ್ದೆ ಮಾಡ್ತೀನಿ."

"ಕಿಟಕಿ ಸೀಟು ನಂಗಿರ್ಲಿ" ಅಂದೆ. ನಗಲಿ ಅಂತ ಹೇಳಿದ್ದು. ನಗಲಿಲ್ಲ. ಬೀರು ಹಿಂದೆ ಒಂದು ಚೀಲದಲ್ಲಿ ಅವಳ ಎರಡು ಸೀರೆ ಮಡಚಿ ಇಟ್ಟಿರುವುದನ್ನು ಆಮೇಲೆ ನೋಡಿದೆ. ನೋಡಿದೆ ಅಂತ ಅವಳಿಗೆ ಹೇಳಿಲ್ಲ. ಅವಳೂ ಹೋದರೆ ಆ ಹುಡುಗಿಗೆ ಯಾರಿದ್ದಾರೆ? ನಾನಾ? ಎಷ್ಟು ದಿನ?

ಅದಕ್ಕೇ ಕೇಳುತ್ತಿದ್ದೇನೆ. ದುಡ್ಡು ಬೇಡ. ಬುದ್ಧಿವಾದ ಇಡಲು ನಮ್ಮ ಮನೆಯಲ್ಲಿ ಇನ್ನು ಜಾಗವಿಲ್ಲ. ವಾರಕ್ಕೊಂದು ಮಧ್ಯಾಹ್ನ, ಎರಡು ಗಂಟೆ, ನಿಮ್ಮಲ್ಲಿ ಒಬ್ಬರು ಬಂದು ಯಶು ಜೊತೆ ಕೂತಿರಬೇಕು. ಅಷ್ಟು ಹೊತ್ತು ನನ್ನ ಸೊಸೆ ಮಲಗಬೇಕು. ಯಾರು ಬರುತ್ತೀರಿ? ಕೈ ಎತ್ತಿ.

ಏನು, ಚಪ್ಪಾಳೆ ಹೊಡೆದು ಎಲ್ಲರ ಕೈಯೂ ಸೋತುಹೋಯಿತೇ? ಮೇಷ್ಟ್ರೇ, ಗಡಿಯಾರ ತೋರಿಸಬೇಡಿ, ನಾನು ಮೈಕ್ ಬಿಡುವುದಿಲ್ಲ. ಆ ಕಂಬದ ಪಕ್ಕದವರು? ಓ, ಸೆರಗು ಸರಿಮಾಡಿಕೊಂಡಿರಾ? ಮಾಡಿಕೊಳ್ಳಿ.

ಹಾಂ, ಅಲ್ಲಿ. ಇಳಿಸಬೇಡಿ ತಾಯಿ, ಕೈ ಇಳಿಸಬೇಡಿ. ಹಾಲಿನ ಬೂತ್ ಎದುರು ಮನೆಯ ಸುಂದರಮ್ಮನವರಲ್ಲವೇ? ನಿಮ್ಮನ್ನು ಬಹಳ ಜಂಬದವರು ಅಂದುಕೊಂಡಿದ್ದೆ. ಗುರುವಾರ ಬರುತ್ತೀರಾ? ತಲೆ ಆಡಿಸಿದ್ದನ್ನು ಇಷ್ಟು ಜನ ನೋಡಿದ್ದಾರೆ, ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಯಶು ಮಾತಾಡಿದರೆ ಕೇಳಿ. ಮಾತಾಡದಿದ್ದರೆ ಪೇಪರ್ ಓದುತ್ತಾ ಅಲ್ಲೇ ಇರಿ. "ಯಾಕಮ್ಮಾ ಹೀಗಿದ್ದೀಯಾ" ಅಂತ ಮಾತ್ರ ಕೇಳಬೇಡಿ. ಗೊತ್ತಿದ್ದರೆ ಅವಳೇ ಹೇಳುತ್ತಿದ್ದಳು.

ಉಳಿದವರೂ ಇಷ್ಟು ಹೊತ್ತು ಹಸಿದುಕೊಂಡು ಕೇಳಿದಿರಿ, ಆ ಉಪಕಾರ ಸಣ್ಣದಲ್ಲ. ಸುಂದರಮ್ಮನವರೇ, ಬಂದಾಗ ಬೆಲ್ ಮಾಡಬೇಡಿ, ಹೇಮಾ ಮಲಗಿರುತ್ತಾಳೆ. ನಾನು ಬಾಗಿಲಲ್ಲೇ ನಿಂತಿರುತ್ತೇನೆ. ನಮಸ್ಕಾರ.