ಹದಿನೇಳನೇ ಮಣಿಕಟ್ಟು

...ಯಾಕೆ ನಗ್ತೀಯ ರೆನ್ಸ್ಕೆ? ದೇವರು ಕೈ ಮಾಡುವಾಗ ನಿನ್ನ ಪಠ್ಯಪುಸ್ತಕ ತೆರೆದಿಟ್ಕೊಂಡು ಕೂತಿರ್ಲಿಲ್ಲ ತಾಯಿ! ಮಣಿಕಟ್ಟಿನ ಹಿಂಬದಿಯಲ್ಲಿ ಒಬ್ಬರಿಗೆ ಲಿಗಮೆಂಟು, ಅದೇ ಮೂಳೆ ಕಟ್ಟೋ ನಾರು, ಎರಡು ಕವಲು, ಇನ್ನೊಬ್ಬರಿಗೆ ಮೂರು. ನಾನು ಬಿಡಿಸಿದ ಈ ಹದಿನೇಳನೇ ಹೆಣದ ಕೈಯಲ್ಲಿ ಹೆಬ್ಬೆರಳ ಬುಡದ ದೋಣಿಮೂಳೆಗೆ ಹೋಗೋ ಕವಲೇ ಇಲ್ಲ. ಇಲ್ಲ ಅಂದ್ರೆ ಇಲ್ಲ!

ಇನ್ನೊಂದು ಗಂಟೆಗೆ ಗ್ರೋನಿಂಗನ್‌ನ ಡಾಕ್ಟರುಗಳೆಲ್ಲ ನನ್ನ ಬೀಳ್ಕೊಡುಗೆ ಭಾಷಣಕ್ಕೆ ಬಂದು ಕೂರ್ತಾರೆ. ಪ್ರೊಫೆಸರ್ ಕಪ್ಪು ನಿಲುವಂಗಿ ತೊಟ್ಟು ನಾನು ಇದೇ ಕೈ ತೋರಿಸ್ಬೇಕು, ನನಗೆ ಹೆಸರು ತಂದ ಕೈ. ನೀನೋ, ಅದನ್ನಿಟ್ಟ ಜಾಡಿ ಒರೆಸು ಅಂದ್ರೆ ಮುಚ್ಚಳ ತೆಗೆದು ಕೂತಿದೀಯ. ಭಲೇ! ...ನನ್ನ ಕಾಫಿ ಆರಿದ್ರೆ ಆರ್ಲಿ, ನಿಂಗೇನು?

ಫೋಟೋನಾ? ಪ್ರತಿ ಪದರ ಬಿಡಿಸಿದಾಗಲೂ ಫೋಟೋ ತೆಗೀಬೇಕು ಅಂತ ಕಲಿಸಿದ್ದೇ ನಾನು, ನನಗೇ ಪಾಠ! ಹದಿನಾರನೇ ಕೈಗಿದೆ, ಹದಿನೆಂಟನೇದಕ್ಕಿದೆ. ಇದಕ್ಕಿಲ್ಲ. ಅವತ್ತು ಕ್ಯಾಮೆರಾ ಕೆಟ್ಟಿತ್ತು... ಹುಬ್ಬು ಯಾಕೆ ಏರಿಸ್ತೀಯ, ಕ್ಯಾಮೆರಾ ಕೆಡಲ್ವಾ?

ಭೂತಕನ್ನಡಿ ಬೇರೆ! ಹೂಂ... ಮೂಳೆ ಮೇಲೆ ನಾರಿನ ಮೋಟು ಇದೆ, ಅದಕ್ಕೇನೀಗ? ಹುಟ್ಟಿನಿಂದ್ಲೇ ಇಲ್ಲದ ನಾರಿಗೆ ಮೋಟು ಎಲ್ಲಿಂದ ಬಂತು ಅಂತ ತಾನೆ? ಅದೂ ನೆಟ್ಟಗೆ ಕತ್ತರಿಸಿದ ಹಾಗೆ... ಅಲ್ಲಮ್ಮ ಜಾಣೆ, ಹದಿನಾರು ವರ್ಷದಿಂದ ಸರ್ಜನ್‌ಗಳು ನನ್ನ ಮಾತು ನಂಬಿದಾರೆ. ‘ಹರಿದಿಲ್ಲ, ಇವರಿಗೆ ಹುಟ್ಟಿನಿಂದ್ಲೇ ಇಲ್ಲ’ ಅಂತ ಎಷ್ಟು ಜನರ ಕೈ ಹೊಲಿಯದೆ ಹಾಗೇ ಕಳಿಸಿದಾರೆ ಗೊತ್ತಾ? ಎಷ್ಟು ಜನರ...

ಹಾಗೆ ನೋಡ್ಬೇಡ. ಬೇಕಿದ್ರೆ ಬೈದುಬಿಡು ಮಾರಾಯ್ತಿ!

ಏನು, ನಾನೇ ನೋಡ್ಬೇಕಾ? ಸರಿ, ಕೊಡು ಇಲ್ಲಿ ಆ ಭೂತಕನ್ನಡಿ...

ಕೈಜಾರಿ ಬಿತ್ತು. ಎತ್ಬೇಡ, ಬಿಡು.

ನೋಡಿದ್ಯಲ್ಲ? ನಿನ್ನ ಮುಂದೆ ನಾನು ಯಾವತ್ತಾದ್ರೂ ಕಾಫಿ ಲೋಟ ಎತ್ತಿದೀನಾ? ನನ್ನ ಕೈಯ ಈ ನಡುಕ ಮುಪ್ಪಿಂದಲ್ಲ ಕಣೆ. ಈ ಹೆಣದ ಕೈ ಬಿಡಿಸಿದ ದಿನವೂ ಹೀಗೇ ನಡುಗ್ತಿತ್ತು. ಇದ್ದ ಕವಲನ್ನ ನಾನೇ ಕತ್ತರಿಸಿಬಿಟ್ಟೆ. ಹೇಳಿದ್ರೆ ಚಾಕು ಕಿತ್ಕೊಳ್ತಿದ್ರು. ಹೆದರಿಕೆ ಆಯ್ತು... ‘ಹುಟ್ಟಿನಿಂದ್ಲೇ ಇಲ್ಲ’ ಅಂತ ಬರೆದೆ.

ಸಾಕು! ಜಾಡಿ ವೇದಿಕೆಗೆ ನೀನೇ ಹಿಡ್ಕೊಂಡು ಬಾ. ಮೊದಲು ಅದರ ಮೇಲಿನ ಚೀಟಿ ಬದಲಾಯಿಸು. ‘ಕವಲಿಲ್ಲ’ ಅನ್ನೋದನ್ನ ಹೊಡೆದುಹಾಕಿ, ‘ಕತ್ತರಿಸಿದವನು ಹೂಕ್ಸ್ತ್ರ’ ಅಂತ ನನ್ನ ಹೆಸರೇ ಬರಿ.

ನೀನೇ ಬರಿಯಮ್ಮ. ನಾನು ಬರೆದ್ರೆ ಯಾರಿಗೂ ಓದೋಕಾಗಲ್ಲ.