ಖಾಲಿ ಕುರ್ಚಿ ಮತ್ತು ಅಣಬೆ ಹವಳ

ಮುಧೋಳದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ನನ್ನ ಪಕ್ಕದಲ್ಲೇ, ಅತ್ತಿಗೆ ನಾದಿನಿ ಇಬ್ಬರು ಜಮಖಂಡಿ ಬಸ್ಸಿಗೆ ಕಾಯುತ್ತಿದ್ದರು.

"ಹರ್ಷದಾ, ನಿಮ್ಮಪ್ಪನ ಆ ಹವಳದ ಅಕ್ವೇರಿಯಂ ನಮ್ಮ ಮನಿ ಮುಟ್ಟಿದ ಕೂಡಲೇ ಇವತ್ತೇ ಒಯ್ದುಬಿಡು. ನನಗ ಆ ಖೋಲಿಗೆ ಹೋಗಲಿಕ್ಕೆ ಅಂಜಿಕಿ ಬರ್ತದ."

"ಅಂಜಿಕಿ ಯಾಕ್ರಿ ವೈನಿ?"

"ಆ ಜೀವಂತ ಹವಳ ನೀಲಿ ಲೈಟಿನ್ಯಾಗ ಹಸಿರು, ಕೆಂಪು ಹೊಳೀತಿದ್ದವು. ಮಾವನವರು ತೀರಿಕೊಂಡ ಮ್ಯಾಲೆ ಲೈಟ್ ಆರಿಸಿ, ಅಲ್ಲಿ ಬರೇ ಎಣ್ಣಿದೀಪ ಇಟ್ಟಿವಿ. ಅವರ ಹೆಜ್ಜಿ ಮೂಡ್ತಾವೇನೋ ಅಂತ ದೀಪದ ಮುಂದ ಹಿಟ್ಟು ಹರವಿದಿವಿ. ಮುಂಜಾನೆ ನೋಡಿದರ ಹಿಟ್ಟಿನ್ಯಾಗ ಏನೂ ಇಲ್ಲ."

"ಮತ್ತ?"

"ಹವಳ ಎಲ್ಲಾ ಕಂದು ಬಣ್ಣ ಆಗಿ, ಅಂಗೈಯಷ್ಟು ಅಗಲ ಅರಳಿ, ಒಂದೇ ಕಡೆ ಮುಖ ಮಾಡಿದ್ದವು."

"ಅಣಬಿ ಹವಳ ಹಂಗೇ ಇರ್ತಾವ. ಬೆಳಕು ಕಡಿಮಿ ಆದರ ಅಗಲ ಆಗ್ತಾವ, ದೀಪದ ಕಡೆ ತಿರಗ್ತಾವ. ಅಪ್ಪಾನೇ ಹೇಳ್ತಿದ್ದರು."

"ದೀಪ ಬಾಗಲ ಹತ್ರ ಇತ್ತು. ಅವು ಮುಖ ಮಾಡಿದ್ದು ಮಾವನವರು ದಿನಾ ಕೂಡ್ತಿದ್ದ ಖಾಲಿ ಕುರ್ಚಿ ಕಡೆ."

"ಕುರ್ಚಿ ಸರಿಸಿ ನೋಡಿದ್ರೇನು?"

"ನಿನ್ನೆ ಕತ್ತಲ ಮೂಲಿಗೆ ಸರಿಸಿದೆ. ಇವತ್ತು ಮುಂಜಾನೆ ಎಲ್ಲಾ ಆ ಮೂಲಿ ಕಡೆ ತಿರಗಿದ್ದವು."

ಬಸ್ಸು ಬಂತು. ಅತ್ತಿಗೆ ಚೀಲ ಎತ್ತಿಕೊಂಡಳು. ಹರ್ಷದಾ ಕೂತಲ್ಲಿಂದ ಏಳಲಿಲ್ಲ.

"ವೈನಿ, ಹಂಗಾದರ ಆ ಕುರ್ಚೀನೂ ನನಗ ಕೊಡ್ರಿ."